ನಾಯಿಮರಿಯ ಧೈರ್ಯಕ್ಕೂ ಒಂದು ಹದವಿದೆ



ಮಲೆನಾಡಿನ ಒಂಟಿಮನೆಗಳಲ್ಲಿ ನಾಯಿಯಿಲ್ಲದ ಅಂಗಳ ಅಪರೂಪ. ಊರುನಾಯಿಯ ಜೊತೆಗೆ, ಕೆಲವೆಡೆ ಅದರ ಬದಲಿಗೆ, ಜರ್ಮನ್ ಶೆಫರ್ಡ್ ಮರಿಯನ್ನು ಹಣ ತೆತ್ತು ತರುವ ರೂಢಿಯೂ ಇದೆ. ಮರಿ ಜೋರಾಗಬೇಕೆಂಬ ಆಸೆಯಿಂದ ಅದನ್ನು ಐದಾರು ವಾರಕ್ಕೇ ತಾಯಿಯಿಂದ ಬಿಡಿಸಿ, ಹಗಲೆಲ್ಲ ಗೂಡಿನಲ್ಲಿ ಕೂಡಿಹಾಕಿ, ಹೊರಗಿನವರು ಮುಟ್ಟದಂತೆ ಬೆಳೆಸುವುದುಂಟು. ವರ್ಷ ತುಂಬುವ ಹೊತ್ತಿಗೆ ಆ ನಾಯಿ ಅಂಚೆಯವನನ್ನು ಕಂಡರೂ ಅಡಿಕೆ ಕೊಯ್ಯಲು ಬಂದವನನ್ನು ಕಂಡರೂ ಎರಗುತ್ತದೆ. ಗುಡುಗಿದರೆ ಗೂಡಿನ ಮೂಲೆಯಲ್ಲಿ ನಡುಗುತ್ತದೆ. ನೋಡುವವರಿಗೆ ಇವು ಎರಡು ಬೇರೆ ಸ್ವಭಾವಗಳೆಂದು ತೋರುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ಎರಡರ ಬೇರೂ ಒಂದೇ, ಅದು ಅಂಜಿಕೆ.

ಈ ತಳಿಯ ಮೂಲ ಕಸುಬನ್ನು ತಿಳಿದರೆ ಅದರ ಧೈರ್ಯ ಎಂಥದೆಂಬುದು ಸ್ಪಷ್ಟವಾಗುತ್ತದೆ. ಅಲ್ಸೇಷಿಯನ್ ಎಂದೂ ಕರೆಯಲಾಗುವ ಈ ನಾಯಿ ಹುಟ್ಟಿನಿಂದ ಕಾವಲು ನಾಯಿಯಲ್ಲ, ಕುರಿ ಮೇಯಿಸುವ ನಾಯಿ. ಜರ್ಮನಿಯ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಹೋರಾಂಡ್ ಎಂಬ ಕುರಿನಾಯಿಯನ್ನು ಕೊಂಡು, ಅದನ್ನೇ ಮೊದಲನೆಯದಾಗಿ ದಾಖಲಿಸಿ ತಳಿಯ ಸಂಘವನ್ನು ಕಟ್ಟಿದನು. ಅಲ್ಲಿನ ಬಯಲಿನಲ್ಲಿ ಕುರಿಗಳು ಬೆಳೆದುನಿಂತ ಪೈರಿನ ಪಕ್ಕದ ಕಿರಿದಾದ ಪಟ್ಟಿಗಳಲ್ಲಿ ಮೇಯುತ್ತಿದ್ದವು. ನಡುವೆ ಬೇಲಿ ಇರುತ್ತಿರಲಿಲ್ಲ. ನಾಯಿ ನೇಗಿಲಸಾಲನ್ನೇ ಗಡಿಯೆಂದು ತಿಳಿದು, ಅದರುದ್ದಕ್ಕೂ ದಿನವಿಡೀ ಹಿಂದೆ ಮುಂದೆ ಓಡಾಡುತ್ತ, ಗಡಿ ದಾಟಿದ ಕುರಿಯನ್ನು ಗಾಯವಾಗದಂತೆ ಹಿಂದಕ್ಕೆ ಅಟ್ಟಬೇಕಿತ್ತು. ಬೆದರುವ ನಾಯಿಯಿಂದ ಈ ಕೆಲಸ ಸಾಗದು, ಮೈಮರೆತು ಕಚ್ಚುವ ನಾಯಿಯಿಂದಲೂ ಸಾಗದು. ತನ್ನನ್ನು ತಾನು ಹಿಡಿದುಕೊಳ್ಳುವ ಸ್ಥೈರ್ಯವೇ ಈ ತಳಿಯಲ್ಲಿ ಬೆಲೆಯುಳ್ಳ ಧೈರ್ಯ.

ಈ ಸ್ಥೈರ್ಯಕ್ಕೆ ರಕ್ತಗುಣ ಬೇಕು. ಅಂಜುಬುರುಕ ತಾಯಿಯ ಮರಿಗಳಲ್ಲಿ ಅಂಜಿಕೆ ಹೆಚ್ಚು. ಆದುದರಿಂದ ಮರಿಯನ್ನು ಆರಿಸುವ ಮೊದಲು ತಾಯಿ ನಾಯಿ ಅಪರಿಚಿತರೊಡನೆ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ನೋಡಬೇಕು. ಆದರೆ ರಕ್ತಗುಣವೊಂದೇ ಸಾಲದು. ಅಮೆರಿಕದ ವಿಜ್ಞಾನಿಗಳಾದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಅವರು 1961ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿತು. ಮನುಷ್ಯರ ಸಂಪರ್ಕವಿಲ್ಲದೆ ಬೇಲಿಯೊಳಗಿನ ಬಯಲಿನಲ್ಲಿ ಬೆಳೆಯುತ್ತಿದ್ದ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮನುಷ್ಯರೊಡನೆ ಬೆರೆಸಲಾಯಿತು. ಹದಿನಾಲ್ಕು ವಾರಗಳವರೆಗೆ ಮನುಷ್ಯರ ಒಡನಾಟವೇ ಇಲ್ಲದಿದ್ದ ಮರಿಗಳು ಕಾಡುಪ್ರಾಣಿಗಳಂತೆ ಬೆದರುತ್ತಿದ್ದವು. ಇಂಥ ಅಧ್ಯಯನಗಳ ಆಧಾರದ ಮೇಲೆ, ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗಿನ ಅವಧಿಯನ್ನು ನಾಯಿಮರಿಯ ಒಡನಾಟದ ಕಾಲವೆಂದು ಗುರುತಿಸಲಾಗಿದೆ. ನೆಲದ ಹದ ತಪ್ಪಿದ ಮೇಲೆ ಎಷ್ಟು ಒಳ್ಳೆಯ ಬೀಜ ಬಿತ್ತಿದರೂ ಮೊಳಕೆ ಸೊರಗುವಂತೆ, ಈ ಅವಧಿ ಮುಗಿದ ಮೇಲೆ ಕಲಿಸುವುದು ಬಹಳ ಕಷ್ಟ.

ಈ ಅವಧಿಯ ಮೊದಲರ್ಧ ತಾಯಿಯ ಬಳಿ ಕಳೆಯಬೇಕು. ಹಲ್ಲಿನ ಬಿಗಿಯನ್ನು ಹತೋಟಿಯಲ್ಲಿಡಲು ಮರಿ ಕಲಿಯುವುದು ಒಡಹುಟ್ಟುಗಳೊಡನೆ ಆಡುವಾಗಲೇ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಕೇಂದ್ರ ಸರ್ಕಾರದ 2017ರ ನಿಯಮವೂ ಹೇಳುತ್ತದೆ. ಮನೆಗೆ ಬಂದ ಮೇಲೆ ಉಳಿಯುವುದು ಐದಾರು ವಾರಗಳಷ್ಟೆ. ಅಷ್ಟರಲ್ಲಿ ಮಲೆನಾಡಿನ ಬದುಕಿನ ಸದ್ದು, ವಾಸನೆ, ರೂಪಗಳೆಲ್ಲ ಅದಕ್ಕೆ ಪರಿಚಯವಾಗಬೇಕು: ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಕೊಟ್ಟಿಗೆಯ ದನಕರು, ಕಂಬಳಿಕೊಪ್ಪೆ ಹೊದ್ದವರು, ಹೊರೆ ಹೊತ್ತವರು, ಶಾಲೆಯ ಮಕ್ಕಳು, ಅಲುಗಾಡುವ ಕಾಲುಸಂಕ. ಪರಿಚಯವೆಂದರೆ ಬಲವಂತವಲ್ಲ. ಯಂತ್ರವನ್ನು ಮೊದಲು ದೂರದಲ್ಲಿ ಓಡಿಸಿ, ಮರಿ ನಿರಾಳವಾಗಿ ನಿಂತಾಗ ಒಂದು ತುತ್ತು ತಿನಿಸು ಕೊಟ್ಟು, ದಿನದಿಂದ ದಿನಕ್ಕೆ ಹತ್ತಿರಕ್ಕೆ ಕರೆತರಬೇಕು. ಮರಿ ಹಿಂದೆ ಸರಿದರೆ ಸರಿಯಲು ಬಿಡಬೇಕು. ತಪ್ಪಿಸಿಕೊಳ್ಳಲು ದಾರಿಯುಂಟೆಂದು ತಿಳಿದ ಮರಿಯೇ ಮತ್ತೆ ಮುಂದೆ ಬಂದು ಮೂಸಿ ನೋಡುತ್ತದೆ. ಎಳೆದು ನಿಲ್ಲಿಸಿದ ಮರಿಗೆ ಆ ಭಯ ಬಹುಕಾಲ ಉಳಿಯಬಹುದು.

ಲಸಿಕೆ ಮುಗಿಯುವವರೆಗೆ ಮರಿಯನ್ನು ಹೊರಗೆ ತರಬಾರದೆಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಪಾರ್ವೋ ಮತ್ತು ಡಿಸ್ಟೆಂಪರ್ ರೋಗಗಳು ಮರಿಗಳನ್ನು ಕೊಲ್ಲುತ್ತವೆ, ನಿಜ. ಆದರೆ ಎಲ್ಲ ಚುಚ್ಚುಮದ್ದುಗಳೂ ಮುಗಿಯುವುದು ಹದಿನಾರನೆಯ ವಾರದ ಸುಮಾರಿಗೆ. ಅಷ್ಟರಲ್ಲಿ ಹದ ಮೀರಿರುತ್ತದೆ. ಬೀದಿನಾಯಿಗಳು ಓಡಾಡುವ ನೆಲಕ್ಕೆ ಬಿಡದೆ, ಮರಿಯನ್ನು ತೋಳಿನಲ್ಲಿ ಎತ್ತಿಕೊಂಡು ಸಂತೆ, ಬಸ್ಸು ನಿಲ್ದಾಣಗಳನ್ನು ತೋರಿಸಬಹುದು. ಮೂರು ತಿಂಗಳು ತುಂಬಿದ ಮೇಲೆ ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ಹೀಗೆ ಬೆಳೆದ ಮರಿ ಧೈರ್ಯಶಾಲಿಯಾಗುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ಹೊಣೆ. ಕುರಿ ಮೇಯಿಸುವ ತಳಿಗೆ ಓಡುವುದನ್ನೆಲ್ಲ ಅಟ್ಟುವ ಚಟವಿದೆ. ಕುರಿಯಿಲ್ಲದಿದ್ದರೆ ಕರುವಿನ ಹಿಮ್ಮಡಿಯನ್ನೋ, ಓಡುವ ಮಕ್ಕಳನ್ನೋ, ಬೈಕನ್ನೋ ಬೆನ್ನಟ್ಟುತ್ತದೆ. ಕಾಡಂಚಿನಲ್ಲಿ ಅದೇ ಚಟ ಕಾಡುಕುರಿಗೂ ಮೊಲಕ್ಕೂ ಮಾರಕ. ಕಚ್ಚದಿದ್ದರೂ ಅಟ್ಟುವುದರಿಂದಲೇ ವನ್ಯಮೃಗಗಳು ಬಳಲುತ್ತವೆ, ಮರಿಗಳನ್ನು ಅಗಲುತ್ತವೆ. ಆದುದರಿಂದ ಹೆಸರು ಹಿಡಿದು ಕರೆದರೆ ಎಲ್ಲಿದ್ದರೂ ಮರಳಿ ಬರುವ ಪಾಠವನ್ನು ಮೊದಲ ವಾರದಿಂದಲೇ ಆರಂಭಿಸಬೇಕು. ಬಂದಾಗಲೆಲ್ಲ ಮೆಚ್ಚುಗೆ ಸಿಗಬೇಕು. ತಡವಾಗಿ ಬಂದರೂ ಹೊಡೆಯಬಾರದು. ಹೊಡೆದರೆ ಅದು ಕಲಿಯುವುದು ಬಾರದಿರುವುದನ್ನೇ. ಕಾಡಿನೊಳಗೆ ಒಯ್ಯುವಾಗ ಹಗ್ಗವಿರಲೇಬೇಕು.

ಚಿರತೆಯ ವಿಷಯವನ್ನೂ ಹೇಳಲೇಬೇಕು. ಜೋರಾದ ನಾಯಿಯಿದ್ದರೆ ಚಿರತೆ ಬಾರದೆಂಬ ನಂಬಿಕೆ ಅನೇಕರಲ್ಲಿದೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಚಿರತೆಯ ಆಹಾರದ ತೂಕದಲ್ಲಿ ಶೇಕಡ 39ರಷ್ಟು ಪಾಲು ಸಾಕುನಾಯಿಗಳದೇ ಆಗಿತ್ತು. ಹಿಮಾಚಲದ ಗದ್ದಿ ಕುರಿಗಾಹಿಗಳ ನಾಯಿಗಳು ಚಿರತೆಯನ್ನು ಎದುರಿಸುತ್ತವೆ, ದಿಟ. ಆದರೆ ಅವು ಕುರಿಯನ್ನು ಅಟ್ಟುವ ತಳಿಯಲ್ಲ, ಮಂದೆಯೊಡನೆಯೇ ಬೆಳೆದು ಅದನ್ನು ಕಾಯುವ ತಳಿ. ಚಿರತೆ ಮೊದಲು ಹಿಡಿಯುವುದು ಕುತ್ತಿಗೆಯನ್ನೆಂದು ಕುರಿಗಾಹಿಗಳು ಅವುಗಳಿಗೆ ಮುಳ್ಳಿನ ಕಬ್ಬಿಣಪಟ್ಟಿ ತೊಡಿಸುತ್ತಾರೆ. ಅಂಗಳದ ಕಂಬಕ್ಕೆ ಸರಪಳಿ ಬಿಗಿದ ಜರ್ಮನ್ ಶೆಫರ್ಡ್‌ಗೆ ಆ ಪಟ್ಟಿಯೂ ಇಲ್ಲ, ಜೊತೆಗಾರರೂ ಇಲ್ಲ, ಓಡಲು ದಾರಿಯೂ ಇಲ್ಲ. ಎಷ್ಟೇ ಧೈರ್ಯವಿದ್ದರೂ ಅದು ಚಿರತೆಗೆ ಸುಲಭದ ತುತ್ತು. ಒಮ್ಮೆ ರುಚಿ ಕಂಡ ಚಿರತೆ ಮತ್ತೆ ಆ ಅಂಗಳಕ್ಕೆ ಬರುತ್ತದೆ. ಬೋನಿಡಬೇಕೆಂಬ ಕೂಗು ಏಳುತ್ತದೆ. ನಾಯಿಯೂ ಹೋಗಿ, ಚಿರತೆಯೂ ಊರಿಗೆ ವೈರಿಯಾಗುತ್ತದೆ.

ಮರಿಗೆ ಧೈರ್ಯ ಕಲಿಸುವ ಮನೆಯು ಕತ್ತಲಾದೊಡನೆ ಅದನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳಲಿ. ಜಗುಲಿಯ ಒಳಗಿನಿಂದ ಬೊಗಳಿದರೂ ಕಾವಲು ಕಾವಲೇ. ಮರಿ ತರುವ ಆಲೋಚನೆಯಿರುವ ಮನೆಯವರು ಹಣ ಹೊಂದಿಸುವುದಕ್ಕೆ ಮೊದಲು, ಆ ಐದಾರು ವಾರ ದಿನವೂ ಅದರ ಜೊತೆಗಿರಲು ಬಿಡುವುಳ್ಳವರು ಮನೆಯಲ್ಲಿ ಯಾರೆಂದು ಕೇಳಿಕೊಳ್ಳಲಿ. ಹಾಗೆ ಯಾರೂ ಇಲ್ಲವಾದರೆ ಮರಿ ಮುಂದಿನ ವರ್ಷಕ್ಕಿರಲಿ.