ಲಕ್ವಾ ಹೊಡೆದು ವರ್ಷ ಕಳೆದ ಮೇಲೆ



ಪಾರ್ಶ್ವವಾಯು ಎಂಬ ಶಬ್ದವನ್ನು ನೀವು ಪುಸ್ತಕದಲ್ಲಿ ಓದಿರುತ್ತೀರಿ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಳ್ಳಿಗಳಲ್ಲಿ ಜನ ‘ಲಕ್ವಾ ಹೊಡೀತು’ ಎನ್ನುತ್ತಾರೆ. ‘ಹೊಡೀತು’ ಎಂಬ ಮಾತಿನಲ್ಲಿಯೇ ಒಂದು ತೀರ್ಮಾನ ಅಡಗಿದೆ. ಪೆಟ್ಟು ಬಿದ್ದಾಯಿತು, ಇನ್ನು ಅದರ ಜೊತೆ ಬದುಕಬೇಕು, ಅಷ್ಟೇ. ಈ ತೀರ್ಮಾನ ಎಷ್ಟು ಸರಿ ಎಂಬುದನ್ನು ಇಂದು ನೋಡೋಣ.

ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗದ ಜೀವಕೋಶಗಳಿಗೆ ಆಮ್ಲಜನಕ ಸಿಗದೆ ಅವು ಸಾಯತೊಡಗುತ್ತವೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಅನೇಕರಿಗೆ ಮಾತೂ ಕೆಡುತ್ತದೆ. ನಾಳ ಕಟ್ಟಿಕೊಂಡದ್ದಾದರೆ, ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಈ ಕಥೆಯನ್ನು ನಾವು ಟೀವಿಯವರು ಮೇಲಿಂದ ಮೇಲೆ ತೋರಿಸುತ್ತೇವೆ. ಆಂಬುಲೆನ್ಸ್ ಓಡುತ್ತದೆ, ಸ್ಕ್ಯಾನಿಂಗ್ ಯಂತ್ರ ತಿರುಗುತ್ತದೆ, ಕ್ಯಾಮೆರಾಕ್ಕೆ ಹಬ್ಬ. ಮಡಚಿಕೊಂಡ ಬೆರಳುಗಳನ್ನು ಒಬ್ಬ ಮನುಷ್ಯ ಮತ್ತೆ ಬಿಡಿಸಲು ಕಲಿಯುವುದಕ್ಕೆ ತಿಂಗಳುಗಳು ಬೇಕು. ಅದನ್ನು ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ತೋರಿಸುವುದು ಕಷ್ಟ. ಹೀಗಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಬದುಕು ನಮ್ಮ ಪರದೆಯ ಮೇಲೆ ಬರುವುದೇ ಅಪರೂಪ.

ಆರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲೀನ ಹಂತ ಎಂದು ಕರೆಯುತ್ತಾರೆ. ತಾನಾಗಿ ಆಗುವ ಚೇತರಿಕೆ ಬಹುಮಟ್ಟಿಗೆ ಮೊದಲ ಮೂರು ತಿಂಗಳಲ್ಲಿ ಆಗುತ್ತದೆ ಎಂಬುದು ನಿಜ. ಆದರೆ ಆಮೇಲೆ ಮೆದುಳು ಕಲಿಯುವುದನ್ನು ನಿಲ್ಲಿಸುತ್ತದೆಯೇ? ಇಲ್ಲ. ಸತ್ತ ಕೋಶ ಮರಳಿ ಬರುವುದಿಲ್ಲ. ಆದರೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಉಳಿದ ಕೋಶಗಳ ನಡುವಿನ ಸಂಪರ್ಕ ಬದಲಾಗುತ್ತದೆ. ಅಮೆರಿಕದಲ್ಲಿ 222 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾದವರ ಒಳ್ಳೆಯ ಕೈಗೆ ದಿನದ ಬಹುಪಾಲು ಗವಸು ತೊಡಿಸಿ, ಸೋತ ಕೈಯಿಂದಲೇ ಎರಡು ವಾರ ಕೆಲಸ ಮಾಡಿಸಿದರು. ಆಗ ಬಂದ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು ಮತ್ತು ಬೆರಳು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಇದು ಸಾಧ್ಯ ಎಂಬುದನ್ನೂ ಹೇಳಬೇಕು.

ಈಗ ನಮ್ಮ ಮನೆಗಳಿಗೆ ಬನ್ನಿ. ಅಜ್ಜ ನೀರಿನ ಚರಿಗೆಗೆ ಕೈ ಚಾಚುತ್ತಾನೆ. ಮೊಮ್ಮಗಳು ಓಡಿ ಬಂದು, “ನೀ ಕುಂದ್ರ ಅಜ್ಜಾ, ನಾ ಕೊಡ್ತೀನಿ” ಎನ್ನುತ್ತಾಳೆ. ಅದು ಪ್ರೀತಿಯ ಮಾತೇ. ಆದರೆ ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಆ ಕೈ ಇಪ್ಪತ್ತು ಸಲ ಕಲಿಯುವ ಅವಕಾಶ ಕಳೆದುಕೊಂಡಿತು. ಬಳಸದ ಕೈಯನ್ನು ಮೆದುಳು ಮರೆಯುತ್ತ ಹೋಗುತ್ತದೆ. ಇನ್ನೊಂದು ಅಭ್ಯಾಸ ಇದಕ್ಕಿಂತ ಅಪಾಯದ್ದು: ಎಬ್ಬಿಸುವಾಗ ಸೋತ ಕೈ ಹಿಡಿದು ಜಗ್ಗುವುದು. ಸ್ನಾಯುಗಳ ಬಿಗಿ ತಪ್ಪಿದ ಭುಜದ ಕೀಲು ಸ್ಥಾನ ಬಿಟ್ಟು ಸರಿಯುತ್ತದೆ. ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಬೆನ್ನಿಗೂ ಸೊಂಟಕ್ಕೂ ಆಧಾರ ಕೊಟ್ಟು ಎಬ್ಬಿಸಬೇಕು.

ನಗರದ ಫಿಸಿಯೊಥೆರಪಿ ಕೋಣೆಯಲ್ಲಿ ಕುರ್ಚಿಯಿಂದ ಏಳುವುದನ್ನು ಕಲಿಸುತ್ತಾರೆ. ಹಳ್ಳಿಯಲ್ಲಿ ಊಟಕ್ಕೆ ಕೂಡುವುದು ನೆಲದ ಮೇಲೆ, ಶೌಚಕ್ಕೆ ಕುಕ್ಕರಗಾಲಿನಲ್ಲಿ; ಹೊಸ್ತಿಲೂ ಎತ್ತರ. ಬೈಲಹೊಂಗಲದ ಕಡೆ ಹತ್ತಿ ಬಿಡಿಸುವವಳಿಗೆ ಬೇಕಾದದ್ದು ಹೆಬ್ಬೆರಳು–ತೋರುಬೆರಳಿನ ಹಿಡಿತ. ರಾಮದುರ್ಗದ ನೇಕಾರನಿಗೆ ಎರಡು ಕೈಯ ಜೊತೆ ಕಾಲೂ ಬೇಕು, ಏಕೆಂದರೆ ಮಗ್ಗ ಕಾಲಿನಿಂದಲೂ ನಡೆಯುತ್ತದೆ. ರೊಟ್ಟಿ ಬಡಿಯುತ್ತಿದ್ದ ತಾಯಿಗೆ, ಸೋತ ಕೈಯಿಂದ ಹಿಟ್ಟಿನ ಪರಾತ ಒತ್ತಿ ಹಿಡಿಯಲು ಬಂದರೂ ಅದು ದೊಡ್ಡ ಗೆಲುವೇ. ವ್ಯಾಯಾಮ ಯಾವುದೆಂದು ನಿರ್ಧಾರವಾಗಬೇಕಾದದ್ದು ಆ ಮನೆ, ಆ ಕಸಬನ್ನು ನೋಡಿ. ಸಮುದಾಯ ಆಧಾರಿತ ಪುನರ್ವಸತಿ ಎಂಬ ಉದ್ದ ಹೆಸರಿನ ತಿರುಳು ಇದೇ.

ಈ ವಿಚಾರ ಬೆಳೆದದ್ದು 1978ರ ಆಲ್ಮಾ ಆಟಾ ಘೋಷಣೆಯ ನಂತರ. ಇಂದಿನ ಕಜಾಕಸ್ತಾನದ ಆ ನಗರದಲ್ಲಿ ಸೇರಿದ್ದ ರಾಷ್ಟ್ರಗಳು ಪ್ರಾಥಮಿಕ ಆರೋಗ್ಯ ಸೇವೆ ಎಲ್ಲರಿಗೂ ಸಿಗಬೇಕೆಂದು ಸಾರಿದವು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪುನರ್ವಸತಿಗೆಂದೇ ಮಾರ್ಗಸೂಚಿ ಹೊರತಂದಿತು. ಅದರಲ್ಲಿ ಆರೋಗ್ಯದ ಜೊತೆ ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು ಇವೆಲ್ಲ ಸೇರಿವೆ.

ಹಾಗಾದರೆ ಎಲ್ಲವನ್ನೂ ಮನೆಯವರಿಗೆ ಕಲಿಸಿಬಿಟ್ಟರೆ ಸಾಕಲ್ಲವೆ? ನಮ್ಮ ದೇಶದಲ್ಲಿಯೇ ಇದನ್ನು ಪರೀಕ್ಷಿಸಿದ್ದಾರೆ. 14 ಆಸ್ಪತ್ರೆಗಳ 1250 ರೋಗಿಗಳನ್ನು ಆರಿಸಿ, ಅರ್ಧದಷ್ಟು ಮಂದಿಯ ಮನೆಯವರಿಗೆ ಪುನರ್ವಸತಿಯ ತರಬೇತಿ ಕೊಟ್ಟರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಆರು ತಿಂಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇಕಡಾ 47. ವಿಜ್ಞಾನ ಓದಿದವನಾಗಿ ನನಗೆ ಈ ಸೋತ ಪ್ರಯೋಗ ಅನೇಕ ಗೆದ್ದ ಪ್ರಯೋಗಗಳಿಗಿಂತ ಮುಖ್ಯವೆನಿಸುತ್ತದೆ. ಅಡುಗೆ, ಹೊಲ, ದನಕರು ಎಲ್ಲ ನೋಡಿಕೊಳ್ಳುವ ಸೊಸೆಯ ಕೈಗೆ ಇನ್ನೊಂದು ಕೆಲಸ ಕೊಟ್ಟು ಅದಕ್ಕೆ ‘ಸಮುದಾಯ’ ಎಂದು ಹೆಸರಿಡುವುದು ನ್ಯಾಯವಲ್ಲ. ಎಷ್ಟೋ ಮನೆಗಳಲ್ಲಿ ಆ ಕೆಲಸ ಕೊನೆಗೆ ಬಂದು ಬೀಳುವುದು ಶಾಲೆಗೆ ಹೋಗುವ ಹುಡುಗಿಯ ಮೇಲೆ.

ಮನೆಯ ಹೊರಗಿನಿಂದ ತಿಳಿದವರು ಮತ್ತೆ ಮತ್ತೆ ಬರಬೇಕು. ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರ್. ಒಂದು ಕಾಲು ಎಳೆಯುವವನು ಬಸ್ಸಿನ ಮೆಟ್ಟಿಲು ಹತ್ತಿ ವಾರಕ್ಕೆ ಮೂರು ಸಲ ಹೋಗಿ ಬರುವುದು ಆಗದ ಮಾತು. ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತದೆ. ಕರ್ನಾಟಕದಲ್ಲಿ ಒಂದು ಅನುಕೂಲವಿದೆ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರು ಸ್ವತಃ ವಿಕಲಚೇತನರು. ಆ ಬದುಕನ್ನು ಬಲ್ಲವರು. ಆದರೆ ಇವರು ಫಿಸಿಯೊಥೆರಪಿಸ್ಟರಲ್ಲ. ತಾಲೂಕಿನ ಫಿಸಿಯೊಥೆರಪಿಸ್ಟ್ ಒಮ್ಮೆ ಮನೆಗೆ ಬಂದು ಗುರಿ ಹಾಕಿಕೊಟ್ಟು, ಈ ಕಾರ್ಯಕರ್ತರು ಮತ್ತು ಆಶಾ ಕಾರ್ಯಕರ್ತೆಯರು ವಾರವಾರ ವಿಚಾರಿಸಿ, ರಕ್ತದೊತ್ತಡದ ಮಾತ್ರೆ ತಪ್ಪದಂತೆ ನೋಡಿಕೊಂಡರೆ ಸರಪಳಿ ಪೂರ್ತಿಯಾಗುತ್ತದೆ. ಮಾತ್ರೆ ಬಿಟ್ಟವರಿಗೆ ಎರಡನೆಯ ಪೆಟ್ಟಿನ ಅಪಾಯ ಹೆಚ್ಚು. ಬೇಕಾದ ಜನ ಬೇರೆ ಬೇರೆ ಇಲಾಖೆಗಳಲ್ಲಿ ಇದ್ದಾರೆ. ಅವರನ್ನು ಒಂದೇ ಮನೆಯ ಬಾಗಿಲಿಗೆ ತರುವುದೇ ಕಷ್ಟದ ಕೆಲಸ ಎಂದು ನನ್ನ ಅಭಿಪ್ರಾಯ.

ನೀವೇನು ಮಾಡಬಹುದು? ಮಾತು ಕಳೆದುಕೊಂಡವರಿಗೆ ಬುದ್ಧಿ ಕೆಟ್ಟಿದೆ ಎಂದು ತಿಳಿಯಬೇಡಿ. ಹೇಳಬೇಕಾದದ್ದು ಒಳಗಿರುತ್ತದೆ, ಶಬ್ದ ಸಿಗುವುದಿಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಹೌದು, ಅಲ್ಲ ಎಂದು ತಲೆಯಾಡಿಸಿ ಉತ್ತರಿಸುವಂತಿರಲಿ. ಸಂಜೆ ಕಟ್ಟೆಯವರೆಗೆ ಜೊತೆಯಲ್ಲಿ ನಡೆಯಿರಿ, ಸೋತ ಕಾಲಿನ ಪಕ್ಕದಲ್ಲಿ.

ಕಾಗದಪತ್ರದ ಕೆಲಸವನ್ನೂ ನೀವು ಮಾಡಿಕೊಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಕೈಕಾಲಿನ ಶಾಶ್ವತ ದೌರ್ಬಲ್ಯವಷ್ಟೇ ಅಲ್ಲ, ಮೆದುಳಿನ ಪೆಟ್ಟಿನಿಂದ ಶಾಶ್ವತವಾಗಿ ಮಾತು ಕೆಟ್ಟದ್ದೂ ಅದರಲ್ಲಿ ಬರುತ್ತದೆ. ಶೇಕಡಾ 40 ಅಥವಾ ಹೆಚ್ಚೆಂದು ವೈದ್ಯಕೀಯ ಪ್ರಮಾಣಪತ್ರ ಸಿಕ್ಕರೆ ಕಾಯ್ದೆಯ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ವಯಸ್ಸಾದವರಿಗೆ ಲಕ್ವಾ ಹೊಡೆದರೆ ಅದು ಮುಪ್ಪಿನ ಕಾಯಿಲೆಯೆಂದು ಮನೆಯವರು ಈ ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಹೇಗೆಂದು ನಿಮ್ಮೂರಿನ ಪಂಚಾಯತಿ ಕಚೇರಿಯಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಹೇಳುತ್ತಾರೆ.