ರೋಜಾವ್ರತದ ಅಂತರಂಗ



ಉಪವಾಸವು ಹೊಟ್ಟೆಯ ವ್ರತವೋ, ಮನಸ್ಸಿನ ವ್ರತವೋ ಎಂಬ ಪ್ರಶ್ನೆಗೆ ಇಸ್ಲಾಂ ಧರ್ಮದ ರೋಜಾ ಎಂಬ ಆಚರಣೆಯು ಸ್ಪಷ್ಟವಾದ ಉತ್ತರವನ್ನೀಯುತ್ತದೆ. ಹಿಜರಿ ಶಕದ 2ನೆಯ ವರ್ಷದಲ್ಲಿ, ಎಂದರೆ ಕ್ರಿ. ಶ. 624ರಲ್ಲಿ, ಪ್ರವಾದಿ ಮಹಮ್ಮದರು ಮದೀನಾ ನಗರದಲ್ಲಿದ್ದಾಗ ಇದು ವಿಧಿಸಲ್ಪಟ್ಟಿತು. ಚಾಂದ್ರಮಾನದ 9ನೆಯ ಮಾಸವಾದ ರಂಜಾನಿನಲ್ಲಿ 29 ಇಲ್ಲವೆ 30 ದಿವಸಗಳ ಪರ್ಯಂತ, ಅರುಣೋದಯದಿಂದ ಸೂರ್ಯಾಸ್ತದವರೆಗೆ, ಅನ್ನವನ್ನೂ ನೀರನ್ನೂ ವಿಷಯಸುಖವನ್ನೂ ವರ್ಜಿಸತಕ್ಕದ್ದು. ಆ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿವಸ ಕಡಿಮೆಯಾದುದರಿಂದ, ಈ ಮಾಸವು ಹಿಂದೆ ಸರಿಯುತ್ತ ಕಡುಬೇಸಗೆಯಲ್ಲಿಯೂ ಬಂದೊದಗುವುದು.

ವ್ರತಕ್ಕೆ ಮೊದಲು ನಿಯ್ಯತ್ತು, ಅಂದರೆ ಸಂಕಲ್ಪ, ಇರಬೇಕು. ಅದಿಲ್ಲದೆ ಹಸಿದಿರುವುದು ವ್ರತವಾಗದು. ಬಾಯಾರಿದವನು ಏಕಾಂತದಲ್ಲಿ ಒಂದು ಗುಟುಕು ನೀರು ಕುಡಿದರೆ ಕಾಣುವವರಾರು? ಆದರೂ ಅವನು ಕುಡಿಯನು. ಅದಕ್ಕೆ ದೇವನೊಬ್ಬನೇ ಸಾಕ್ಷಿ. ಮರೆತು ಉಂಡವನ ವ್ರತವು ಭಂಗವಾಗದು. ಆದರೆ ಸುಳ್ಳನ್ನು ಬಿಡದವನು ಅನ್ನ ಬಿಟ್ಟರೆ ದೇವರಿಗೆ ಅದು ಬೇಕಿಲ್ಲವೆಂದು ಪ್ರವಾದಿಗಳು ಬೋಧಿಸಿದರು.

ಈ ವಿಧಿಯು ನಿಷ್ಕರುಣವಾದುದಲ್ಲ. ರೋಗಿಗಳೂ ಪ್ರಯಾಣಿಕರೂ ಬಿಟ್ಟ ದಿನಗಳನ್ನು ಮುಂದೆ ಪೂರೈಸಬಹುದು. ಉಪವಾಸಕ್ಕೆ ಶಕ್ತಿಯಿಲ್ಲದ ವೃದ್ಧರು ದಿನಕ್ಕೊಬ್ಬ ಬಡವನಿಗೆ ಉಣಿಸಿದರೆ ಸಾಕು. ಸಂಜೆ ಖರ್ಜೂರ, ನೀರುಗಳಿಂದ ಪಾರಣೆಯಾಗುವುದು. ಇದಕ್ಕೆ ಇಫ್ತಾರ್ ಎಂದು ಹೆಸರು. ಮಾಸಾಂತ್ಯದ ಹಬ್ಬದ ನಮಾಜಿಗೆ ಮುಂಚೆಯೇ ಫಿತ್ರಾ ಎಂಬ ದಾನವು ಬಡವರ ಕೈ ಸೇರಬೇಕು.

ದೇವರೆದುರಿನ ಏಕಾಂತದಲ್ಲಿ ಆರಂಭವಾದ ವ್ರತವು ಹೀಗೆ ಹಸಿದವನ ಮನೆಯ ಬಾಗಿಲಲ್ಲಿ ಪೂರ್ಣವಾಗುತ್ತದೆ. ತನ್ನ ಹಸಿವಿನಿಂದ ನೆರೆಯವನ ಹಸಿವನ್ನರಿಯದವನಿಗೆ ದಕ್ಕುವುದು ಬರಿಯ ಹಸಿವೆಯೊಂದೇ.