ಹಳೆಯ ದಾಖಲೆ ಪುಸ್ತಕಗಳ ಅಂಚಿನ ಬರಹ
(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಶುಭ ವರ್ಷದಲ್ಲಿ ಅನೇಕ ಕುಟುಂಬಗಳವರು ತಮ್ಮ ಹಿರಿಯರ ಹೆಸರನ್ನರಸುತ್ತ ಧರ್ಮಕೇಂದ್ರದ ಕಚೇರಿಗೆ ಬರುತ್ತಿರುವುದು ನಮಗೆ ಸಂತೋಷದ ಸಂಗತಿ. ಆದರೆ ಹೆಸರಿನ ಪಕ್ಕದಲ್ಲಿ ಅಂದಿನ ಗುರುಗಳು ಲ್ಯಾಟಿನ್ ಭಾಷೆಯಲ್ಲಿ ಬರೆದ ಒಂದು ಟಿಪ್ಪಣಿಯು ಕೆಲವೊಮ್ಮೆ ಆ ಸಂತೋಷವನ್ನು ಕಳವಳವಾಗಿಸುತ್ತದೆ. ಅಂಥ ಟಿಪ್ಪಣಿಗಳನ್ನು ಓದುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಗುರುಗಳು ಬರೆದದ್ದು ಮನೆತನದ ಚರಿತ್ರೆಯನ್ನಲ್ಲ. ಸಂಸ್ಕಾರವು ಕ್ರಮವಾಗಿ ನಡೆಯಿತೆಂಬ ಸಾಕ್ಷ್ಯವನ್ನು. ಆದುದರಿಂದ ಪ್ರತಿಯೊಂದು ಟಿಪ್ಪಣಿಯನ್ನೂ ಅದನ್ನು ಬರೆದ ಕಾಲದ ವಿಧಿಯಂತೆಯೇ ಓದಬೇಕು.

ಮೊದಲನೆಯದು ಊರಿನ ಹೆಸರು. ‘ಅರಸೀಕೆರೆ’ ಎಂದಷ್ಟೇ ಬರೆದಿದ್ದರೆ ಅದು ನಮ್ಮ ಹರಪನಹಳ್ಳಿ ತಾಲ್ಲೂಕಿನದೋ, ಹಾಸನ ಜಿಲ್ಲೆಯದೋ ಎಂದು ವಿಚಾರಿಸಬೇಕು. 1953ರ ವರೆಗೆ ನಮ್ಮ ತಾಲ್ಲೂಕು ಮದರಾಸಿಗೆ ಸೇರಿತ್ತು, ಹಾಸನವು ಮೈಸೂರಿನದು. ಧರ್ಮಸಭೆಯ ಆಡಳಿತದಲ್ಲಿಯೂ ಬಳ್ಳಾರಿಯ ಸೀಮೆಯು 1928ರ ವರೆಗೆ ಮದರಾಸಿಗೂ, 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾಗುವ ವರೆಗೆ ನೆಲ್ಲೂರಿಗೂ ಸೇರಿತ್ತು. ಹಳೆಯ ಪತ್ರಗಳನ್ನು ಅರಸುವವರು ಇದನ್ನು ನೆನಪಿನಲ್ಲಿಡಬೇಕು.

ಎರಡನೆಯದು ವಿವಾಹ ಪುಸ್ತಕದ ವಿನಾಯಿತಿ. ‘ಎರಡನೆಯ ಹಂತದ ರಕ್ತಸಂಬಂಧಕ್ಕೆ ವಿನಾಯಿತಿ ದೊರೆತಿದೆ’ ಎಂದಿದ್ದರೆ ಅದು ಕುಲಕ್ಕೆ ಕುಂದಲ್ಲ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ನಮ್ಮ ನಾಡಿನ ರೂಢಿ. ಧರ್ಮಸಭೆಯ ನಿಯಮದಲ್ಲಿ ಅದಕ್ಕೆ ಅಡ್ಡಿಯಿದ್ದುದರಿಂದ ಅನುಮತಿ ಬೇಕಾಗಿತ್ತು. ಹಳೆಯ ಎಣಿಕೆಯಲ್ಲಿ ಎರಡನೆಯ ಹಂತವೆಂದರೆ ವಧೂವರರಿಗೆ ಅಜ್ಜ ಅಜ್ಜಿಯರು ಒಬ್ಬರೇ. ಮೂರನೆಯದೆಂದರೆ ಮುತ್ತಜ್ಜ ಮುತ್ತಜ್ಜಿಯರು ಒಬ್ಬರೇ. 1983ರ ಧರ್ಮಸಭಾ ಕಾನೂನು ಎಣಿಕೆಯನ್ನೇ ಬದಲಿಸಿತು. ಈಗ ಅದೇ ಸೋದರ ಸಂಬಂಧವು ನಾಲ್ಕನೆಯ ಹಂತದ್ದು. ಹಳೆಯ ಪುಸ್ತಕದ ‘ನಾಲ್ಕನೆಯ’ ಎಂಬ ಮಾತನ್ನು ಇಂದಿನ ಎಣಿಕೆಯಿಂದ ಓದಿದರೆ ವಂಶಾವಳಿಯಲ್ಲಿ ಎರಡು ತಲೆಮಾರು ತಪ್ಪಿಹೋಗುತ್ತದೆ. ಸರಿಯಾಗಿ ಓದಿದರೆ, ಬೇರೆಲ್ಲಿಯೂ ಸಿಗದ ಬಂಧುತ್ವದ ಸುಳಿವು ಅಲ್ಲಿಯೇ ಸಿಗುತ್ತದೆ.

ಜ್ಞಾನಸ್ನಾನದ ಪುಸ್ತಕದಲ್ಲಿ ‘ಸುಬ್ ಕೊಂದಿಸಿಯೋನೆ’, ಅಂದರೆ ‘ಷರತ್ತಿನ ಮೇಲೆ’ ಎಂದಿದ್ದರೆ, ಮೊದಲೇ ಜ್ಞಾನಸ್ನಾನವಾಗಿದೆಯೇ ಎಂಬ ಸಂಶಯವಿತ್ತೆಂದು ಅರ್ಥ. ಸಾಯುವ ಸ್ಥಿತಿಯಲ್ಲಿದ್ದ ಶಿಶುವಿಗೆ ಸೂಲಗಿತ್ತಿಯೇ ನೀರು ಹಾಕಿರಬಹುದು. ಶಿಶುವಿನ ಯೋಗ್ಯತೆಗೆ ಹಾಕಿದ ಷರತ್ತು ಅದಲ್ಲ. ಅಂಚಿನಲ್ಲಿ ವಿವಾಹದ ಉಲ್ಲೇಖವಿಲ್ಲವೆಂದ ಮಾತ್ರಕ್ಕೆ ಆ ವ್ಯಕ್ತಿ ಅವಿವಾಹಿತನೆಂದು ತೀರ್ಮಾನಿಸಲೂಬಾರದು. ಹಾಗೆ ಗುರುತಿಸಬೇಕೆಂಬ ನಿಯಮ ಇಡೀ ಧರ್ಮಸಭೆಗೆ ಜಾರಿಗೆ ಬಂದದ್ದು 1908ರಲ್ಲಿ.

ಹೆಚ್ಚು ನೋವು ಕೊಡುವ ಮಾತೆಂದರೆ ‘ತಂದೆ ಅಜ್ಞಾತ’ ಅಥವಾ ‘ತಂದೆತಾಯಿಗಳು ಅಜ್ಞಾತ’ ಎಂಬುದು. 1876ರಿಂದ 1878ರ ವರೆಗಿನ ಮಹಾ ಬರದಲ್ಲಿ ಬಳ್ಳಾರಿ ಜಿಲ್ಲೆ ಘೋರವಾಗಿ ನರಳಿತು. ಅನಾಥ ಶಿಶುವಿನ ಹೆತ್ತವರನ್ನು ಬಲ್ಲವರೇ ಉಳಿಯದಿದ್ದಲ್ಲಿ ಗುರುಗಳು ಮತ್ತೇನು ಬರೆದಾರು? ವಿವಾಹದ ಹೊರಗೆ ಹುಟ್ಟಿದ ಶಿಶುವಿನ ವಿಷಯದಲ್ಲಿಯೂ, ಅಪಕೀರ್ತಿಗೆ ಆಸ್ಪದವಾಗದಂತೆ ಬರೆಯಬೇಕೆಂದು 1614ರ ರೋಮನ್ ಸಂಸ್ಕಾರವಿಧಿ ಗ್ರಂಥವೇ ಗುರುಗಳಿಗೆ ಎಚ್ಚರಿಸಿತ್ತು. ಬರೆಯದೆ ಬಿಟ್ಟ ಹೆಸರು ಎಷ್ಟೋ ಸಲ ಅಲಕ್ಷ್ಯವಲ್ಲ, ಕರುಣೆ. ಅಂದು ಗುರುಗಳು ಮುಚ್ಚಿದ್ದನ್ನು ಇಂದು ನಾವು ಊಹೆಯಿಂದ ತೆರೆದು, ಇನ್ನೊಬ್ಬರ ಮನೆಯ ಬಾಗಿಲಲ್ಲಿ ಹರಡುವುದು ಧರ್ಮವಲ್ಲ. ಆದುದರಿಂದಲೇ ಪುಸ್ತಕಗಳನ್ನು ಎಲ್ಲರ ಕೈಗೂ ಕೊಡದೆ, ಅವರವರ ಕುಟುಂಬದ ದಾಖಲೆಯನ್ನು ಮಾತ್ರ ಅವರವರಿಗೆ ಓದಿ ಹೇಳುತ್ತೇವೆ.

ಪ್ರಿಯರೇ, ಹೆತ್ತವರ ಹೆಸರಿಲ್ಲದ ಸಾಲಿನಲ್ಲಿಯೂ ಶಿಶುವಿನ ಹೆಸರಿದೆ, ಜ್ಞಾನತಂದೆ ಜ್ಞಾನತಾಯಿಯರ ಹೆಸರಿದೆ, ಗುರುಗಳ ರುಜುವಿದೆ. ಯಾರೂ ಇಲ್ಲದ ಆ ಕೂಸನ್ನು ಧರ್ಮಸಭೆ ತನ್ನದೆಂದು ಎತ್ತಿಕೊಂಡಿತೆಂಬುದಕ್ಕೆ ಅದೇ ಸಾಕ್ಷಿ. ಅಂಥ ಪೂರ್ವಜರನ್ನು ನಾಚದೆ ನೆನೆಯೋಣ. ಅವರ ಆತ್ಮಗಳಿಗಾಗಿ ಪ್ರಾರ್ಥಿಸೋಣ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.